ರಾಣಿಯ ನಂತರದ ಸರದಿ: ರೊಪಾಲಿಡಿಯಾ ಕಣಜದ ಗೂಡಿನಲ್ಲಿ ಉತ್ತರಾಧಿಕಾರ ಕುರಿತು ಒಂದು ಟಿಪ್ಪಣಿ

ರೊಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಗೂಡಿನಿಂದ ರಾಣಿಯನ್ನು ಹಿಡಿದು ತೆಗೆದರೆ, ಅರ್ಧ ಗಂಟೆಯ ಆಸುಪಾಸಿನಲ್ಲಿ ಉಳಿದ ಕೆಲಸಗಾರ ಕಣಜಗಳ ಪೈಕಿ ಒಂದರ, ಒಂದರದ್ದು ಮಾತ್ರ, ನಡತೆ ಬದಲಾಗುತ್ತದೆ. ಅಲ್ಲಿಯವರೆಗೆ ಹತ್ತರಲ್ಲಿ ಹನ್ನೊಂದಾಗಿ ಇದ್ದದ್ದು ಇದ್ದಕ್ಕಿದ್ದಂತೆ ಗೂಡಿನ ತುಂಬ ಓಡಾಡತೊಡಗುತ್ತದೆ. ಸಿಕ್ಕವರನ್ನು ಅಟ್ಟುತ್ತದೆ, ಕಚ್ಚುತ್ತದೆ, ಮೈಮೇಲೆ ಏರಿ ಕೂರುತ್ತದೆ. ರಾಣಿಯನ್ನು ಮರಳಿ ಬಿಟ್ಟರೆ ಈ ಆರ್ಭಟ ಇಳಿದು ಕಣಜ ಮೊದಲಿನಂತಾಗುತ್ತದೆ. ಬಿಡದಿದ್ದರೆ ಸುಮಾರು ಒಂದು ವಾರದಲ್ಲಿ ಅದರ ಅಂಡಾಶಯ ಬೆಳೆದು, ಅದು ಮೊಟ್ಟೆ ಇಡತೊಡಗಿ, ಗೂಡಿನ ಹೊಸ ರಾಣಿಯಾಗುತ್ತದೆ. ಈ ನಡುವಿನ ಅವಸ್ಥೆಯಲ್ಲಿರುವ ಕಣಜವನ್ನು ಇಲ್ಲಿ ‘ಭಾವೀ ರಾಣಿ’ ಎಂದು ಕರೆಯುತ್ತೇನೆ.

ಈ ಟಿಪ್ಪಣಿಯ ಪ್ರಶ್ನೆ ಚಿಕ್ಕದು. ಭಾವೀ ರಾಣಿ ಯಾರೆಂಬುದು ರಾಣಿ ಹೋದ ಮೇಲೆ ನಡೆಯುವ ಪೈಪೋಟಿಯಲ್ಲಿ ತೀರ್ಮಾನವಾಗುತ್ತದೆಯೋ, ಅಥವಾ ರಾಣಿ ಇರುವಾಗಲೇ ತೀರ್ಮಾನವಾಗಿ, ಅದು ಗೂಡಿನ ಉಳಿದವರಿಗೂ ತಿಳಿದಿರುತ್ತದೆಯೋ? ಎರಡನೆಯದೇ ಸರಿ ಎಂಬ ಅಭಿಪ್ರಾಯ ಈಗ ಸಾಕಷ್ಟು ಬೇರೂರಿದೆ. ಅದರ ಹಿಂದಿರುವ ಪ್ರಯೋಗಗಳು ಎಷ್ಟು ಭಾರ ಹೊರಬಲ್ಲವು ಎಂಬುದನ್ನು ಒಂದೊಂದಾಗಿ ತೂಗಿ ನೋಡುವುದು ಇಲ್ಲಿನ ಉದ್ದೇಶ.

ಮೊದಲು ಕೀಟದ ಪರಿಚಯ. 1836ರಲ್ಲಿ ಲೆಪೆಲೆಟಿಯೆ ಹೆಸರಿಟ್ಟ ಈ ಪ್ರಭೇದ ದಕ್ಷಿಣ ಭಾರತದಲ್ಲಿ ಅಪರೂಪದ್ದೇನಲ್ಲ. ಮೈ ಕೆಂಗಂದು, ಹೊಟ್ಟೆಯ ಮೇಲೊಂದು ಹಳದಿ ಪಟ್ಟಿ. ಕಿಟಕಿಯ ಸಜ್ಜಾದ ಅಡಿಯಲ್ಲಿ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ಪೊದೆಯ ರೆಂಬೆಯಲ್ಲಿ ಗೂಡು ಕಟ್ಟುತ್ತದೆ. ಮರದ ನಾರನ್ನು ಕೆರೆದು, ಜೊಲ್ಲಿನಲ್ಲಿ ಅಗಿದು, ಕಾಗದದಂಥ ಹಾಳೆ ಮಾಡಿ ಆರು ಮೂಲೆಯ ಕೋಣೆಗಳನ್ನು ಕಟ್ಟುತ್ತದೆ. ಗೂಡು ಒಂದು ತೊಟ್ಟಿನಿಂದ ನೇತಾಡುತ್ತದೆ. ಹೆಜ್ಜೇನಿನ ಹುಟ್ಟಿಯ ಮುಂದೆ ಇದು ಏನೂ ಅಲ್ಲ. ಬುಡಮೇಲಾಗಿ ತೂಗುಬಿಟ್ಟ ತಾವರೆಯ ಬೀಜಕೋಶದಂತೆ ಕಾಣುತ್ತದೆ. ಹೊರಗಿನಿಂದ ಹೊದಿಕೆ ಇಲ್ಲ. ಕೋಣೆಗಳೊಳಗಿನ ಮೊಟ್ಟೆ, ಮರಿಹುಳು, ಬಾಯಿ ಮುಚ್ಚಿದ ಕೋಣೆಯ ಪ್ಯೂಪಾ, ಮೇಲೆ ಕೂತ ದೊಡ್ಡವು, ಎಲ್ಲವೂ ನೋಡುವವರ ಕಣ್ಣಿಗೆ ಬಯಲು. ಸಂಶೋಧಕರಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ಜೇನಿನ ಒಳಗುಟ್ಟು ತಿಳಿಯಲು ಗಾಜಿನ ಪೆಟ್ಟಿಗೆ ಬೇಕು, ಗೆದ್ದಲಿಗೆ ಹುತ್ತ ಒಡೆಯಬೇಕು, ಇಲ್ಲಿ ಒಂದು ಸ್ಟೂಲು ಸಾಕು.

ಸಂಘಜೀವಿ ಕೀಟಗಳನ್ನು ಗುರುತಿಸಲು ಇಂದು ಬಳಸುವ ಮೂರು ಲಕ್ಷಣಗಳು ಇದಕ್ಕೆ ಇವೆ: ಮರಿಗಳನ್ನು ಎಲ್ಲರೂ ಸೇರಿ ಸಾಕುವುದು, ಸಂತಾನದ ಕೆಲಸ ಕೆಲವರಿಗಷ್ಟೇ ಮೀಸಲಾಗಿರುವುದು, ಎರಡು ತಲೆಮಾರುಗಳು ಒಂದೇ ಸೂರಿನಡಿ ಬದುಕುವುದು. ಈ ವರ್ಗೀಕರಣದ ಬೀಜ ಬಿದ್ದದ್ದು 1966ರಲ್ಲಿ, ಭಾರತದ ಹ್ಯಾಲಿಕ್ಟಿಡ್ ಜೇನುಗಳ ಬಗ್ಗೆ ಸುಝಾನ್ ಬಾತ್ರಾ ಇಲ್ಲಿನದೇ ಕೀಟಶಾಸ್ತ್ರ ಪತ್ರಿಕೆಯೊಂದರಲ್ಲಿ ಬರೆದ ಲೇಖನದಲ್ಲಿ. ಮಿಚೆನರ್ ಮತ್ತು ವಿಲ್ಸನ್ ಅದನ್ನು ಹಿಗ್ಗಿಸಿದರು. ಆದರೆ ಜೇನು, ಇರುವೆಗಳಂಥ ಮುಂದುವರಿದ ಸಂಘಜೀವಿಗಳಿಗೂ ನಮ್ಮ ಕಣಜಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಜೇನಿನ ರಾಣಿಯನ್ನು ಅದರ ಆಕಾರದಿಂದಲೇ ಗುರುತು ಹಿಡಿಯಬಹುದು, ಅದರ ಕೆಲಸಗಾರ ನೊಣ ಗಂಡಿನೊಡನೆ ಕೂಡಲಾರದು. ರೊಪಾಲಿಡಿಯಾದಲ್ಲಿ ರಾಣಿ ಮತ್ತು ಕೆಲಸಗಾರರ ನಡುವೆ ಹೊರರೂಪದ ಭೇದವಿಲ್ಲ. ಇಂದು ಮರಿಗೆ ತುತ್ತು ಕೊಡುತ್ತಿರುವುದು ಮುಂದಿನ ತಿಂಗಳು ಮೊಟ್ಟೆ ಇಡುತ್ತಿರಬಹುದು. ಹೀಗಾಗಿಯೇ ಉತ್ತರಾಧಿಕಾರ ಇಲ್ಲಿ ಒಂದು ನಿಜವಾದ ಪ್ರಶ್ನೆ. ಜೇನಿನಲ್ಲಿ ಅದು ಬಹುಮಟ್ಟಿಗೆ ಮರಿಗೆ ಹಾಕುವ ಆಹಾರದ ಪ್ರಶ್ನೆ.

ಈ ಕಣಜದ ಬಗ್ಗೆ ನಮಗೆ ತಿಳಿದಿರುವುದರ ಬಹುಭಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ರಾಘವೇಂದ್ರ ಗದಗ್ಕರ್ ಮತ್ತು ಅವರ ವಿದ್ಯಾರ್ಥಿಗಳ ನಾಲ್ಕು ದಶಕಗಳ ಕೆಲಸದಿಂದ ಬಂದದ್ದು. ಗದಗ್ಕರ್ ಅವರ ಪಿಎಚ್.ಡಿ. ಅಣುಜೀವವಿಜ್ಞಾನದಲ್ಲಿ, ಕಣಜಗಳದ್ದು ಆಗ ಬಿಡುವಿನ ವೇಳೆಯ ಹವ್ಯಾಸ. ಹವ್ಯಾಸವೇ ಗೆದ್ದಿತು. 2001ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯ ಈ ಒಂದೇ ಪ್ರಭೇದದ ಸಾಮಾಜಿಕ ಜೀವನದ ಬಗ್ಗೆ ಅವರ ಇಡೀ ಪುಸ್ತಕವನ್ನು ಹೊರತಂದಿತು.

ವಿಧಾನದ ಬಗ್ಗೆ ಒಂದೆರಡು ಮಾತು ಅಗತ್ಯ, ಏಕೆಂದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆ ನಿಂತಿವೆ. ಗೂಡಿನ ಪ್ರತಿ ಕಣಜದ ಬೆನ್ನಿಗೂ ಬೇಗ ಒಣಗುವ ಬಣ್ಣದ ಚುಕ್ಕೆ ಇಡುತ್ತಾರೆ. ಯಾವ ಬಣ್ಣ ಎಲ್ಲಿದೆ ಎಂಬುದೇ ಅದರ ಹೆಸರು. ನಂತರ ಐದೈದು ನಿಮಿಷದ ಕಂತುಗಳಲ್ಲಿ ವೀಕ್ಷಣೆ. ಕೆಲವು ಕಂತುಗಳಲ್ಲಿ ಆ ಕ್ಷಣಕ್ಕೆ ಯಾರು ಏನು ಮಾಡುತ್ತಿದ್ದಾರೆ ಎಂದು ಒಮ್ಮೆ ಕಣ್ಣಾಡಿಸಿ ಬರೆದುಕೊಳ್ಳುವುದು; ಇನ್ನು ಕೆಲವುಗಳಲ್ಲಿ ಕಚ್ಚಾಟ, ತುತ್ತಿನ ವಿನಿಮಯದಂಥ ಅಪರೂಪದ ಘಟನೆಗಳು ಎಷ್ಟು ಸಲ ನಡೆದವೋ ಅಷ್ಟನ್ನೂ ದಾಖಲಿಸುವುದು. ಯಾವ ಕಂತು ಯಾವಾಗ ಎಂಬುದನ್ನು ನೋಡುವವರ ಇಷ್ಟಕ್ಕೆ ಬಿಡದೆ ಯಾದೃಚ್ಛಿಕವಾಗಿ ಬೆರೆಸಿರುತ್ತಾರೆ. ಕಣ್ಣು ಎಳೆದತ್ತ ನೋಡಿದರೆ ಗಲಾಟೆ ಮಾಡುವವರೇ ಪುಸ್ತಕದ ತುಂಬ ತುಂಬಿಕೊಳ್ಳುತ್ತಾರೆ. ಸುಮ್ಮನೆ ಕೂತವರು ಕಾಣುವುದೇ ಇಲ್ಲ.

ಸುಮ್ಮನೆ ಕೂತವರನ್ನೂ ಎಣಿಸಿದ್ದರಿಂದಲೇ ಮೊದಲ ಅಚ್ಚರಿ ಹೊರಬಿತ್ತು. 1983ರಲ್ಲಿ ಗದಗ್ಕರ್ ಮತ್ತು ಎನ್.ವಿ. ಜೋಶಿ ಕಣಜಗಳು ಸಮಯವನ್ನು ಹೇಗೆ ಕಳೆಯುತ್ತವೆ ಎಂಬುದರ ಲೆಕ್ಕ ಪ್ರಕಟಿಸಿದರು. ಗೂಡಿನ ಸದಸ್ಯರು ಮೂರು ಗುಂಪುಗಳಾಗಿ ಬೇರ್ಪಟ್ಟರು: ಕೂರುವವರು, ಕಾದಾಡುವವರು, ಮೇವಿಗೆ ಹೋಗುವವರು. ರಾಣಿ ಕಂಡದ್ದು ಕೂರುವವರ ಗುಂಪಿನಲ್ಲಿ.

ಇದು ಯಾಕೆ ಅಚ್ಚರಿ ಎಂಬುದಕ್ಕೆ ಹಿನ್ನೆಲೆ ಬೇಕು. ಇಟಲಿಯ ಲಿಯೋ ಪಾರ್ಡಿ 1940ರ ದಶಕದಲ್ಲೇ ಪೊಲಿಸ್ಟಿಸ್ ಕಣಜಗಳಲ್ಲಿ ಮೇಲು–ಕೀಳಿನ ಶ್ರೇಣಿಯನ್ನು ತೋರಿಸಿದ್ದರು. ಅಲ್ಲಿ ಎಲ್ಲರನ್ನೂ ಬಗ್ಗಿಸುವುದು ರಾಣಿ. ಅದರ ನಂತರದ ಬಲಶಾಲಿ ಎರಡನೆಯ ಸ್ಥಾನದಲ್ಲಿ. ರಾಣಿ ಸತ್ತರೆ ಎರಡನೆಯದು ಪಟ್ಟಕ್ಕೇರುತ್ತದೆ. ಅಂಥ ಗೂಡಿನಲ್ಲಿ ಉತ್ತರಾಧಿಕಾರಿ ಯಾರೆಂದು ಹೊರಗಿನವರೂ ಹೇಳಬಲ್ಲರು. ನಮ್ಮ ಕಣಜದ ಹತ್ತಿರದ ಬಂಧು ರೊಪಾಲಿಡಿಯಾ ಸಯಾಥಿಫಾರ್ಮಿಸ್ ಕೂಡ ಇದೇ ದಾರಿಯದು. ಅದರ ರಾಣಿ ಜಗಳಗಂಟಿ, ಉತ್ತರಾಧಿಕಾರಿ ಶ್ರೇಣಿಯಲ್ಲಿ ಎರಡನೆಯದು. ಮಾರ್ಜಿನೇಟಾದ ರಾಣಿ ಮಾತ್ರ ಯಾರ ತಂಟೆಗೂ ಹೋಗದ ಸಾಧು. ಆದರೂ ಗೂಡಿನಲ್ಲಿ ಮೊಟ್ಟೆ ಇಡುವುದು ಅದೊಂದೇ. ಬೆದರಿಕೆ ಇಲ್ಲದೆ ಈ ಏಕಸ್ವಾಮ್ಯ ಹೇಗೆ ಉಳಿಯುತ್ತದೆ?

ಉತ್ತರ ವಾಸನೆಯ ಕಡೆಗೆ ಬೆರಳು ಮಾಡಿತು. ಗೂಡನ್ನು ಎರಡು ತುಂಡು ಮಾಡಿ, ನಡುವೆ ತಂತಿಬಲೆಯ ಅಡ್ಡಗೋಡೆ ಹಾಕಿ, ರಾಣಿಯನ್ನು ಒಂದು ಬದಿಗಷ್ಟೇ ಬಿಟ್ಟರೆ, ಇನ್ನೊಂದು ಬದಿಯ ಕೆಲಸಗಾರರು ತಾವು ರಾಣಿಯಿಲ್ಲದವರೆಂದೇ ನಡೆದುಕೊಳ್ಳುತ್ತಾರೆ. ಅಲ್ಲೊಂದು ಭಾವೀ ರಾಣಿ ಏಳುತ್ತದೆ. ಎ. ಸುಮನಾ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಈ ಫಲಿತಾಂಶದ ಅರ್ಥ, ರಾಣಿಯ ಸಂಕೇತ ಗಾಳಿಯಲ್ಲಿ ದೂರ ತೇಲುವಂಥದ್ದಲ್ಲ. ಹಾಗಾದರೆ ರಾಣಿ ಪ್ರತಿಯೊಬ್ಬರನ್ನೂ ಮುಟ್ಟಿ ತಿಳಿಸುತ್ತದೆಯೇ? ಅಷ್ಟು ಮುಟ್ಟಾಟ ಗೂಡಿನಲ್ಲಿ ನಡೆಯುವುದೇ ಇಲ್ಲ ಎಂದು ಅನಿಂದಿತಾ ಭದ್ರ ಮತ್ತು ಸಂಗಡಿಗರ ಗಣಿತ ಮಾದರಿ ತೋರಿಸಿತು. ಉಳಿದ ದಾರಿ, ರಾಣಿ ತನ್ನ ಗುರುತನ್ನು ಗೂಡಿಗೇ ಬಳಿಯುವುದು. ರಾಣಿ ಹೊಟ್ಟೆಯ ತುದಿಯನ್ನು ಗೂಡಿನ ಮೇಲ್ಮೈಗೆ ಆಗಾಗ ಉಜ್ಜುವುದು ಕಣ್ಣಿಗೆ ಕಾಣುವ ವರ್ತನೆ. 2010ರಲ್ಲಿ ಇದೇ ತಂಡ ರಾಣಿಯ ಡ್ಯೂಫೋರ್ ಗ್ರಂಥಿಯನ್ನು ಅರೆದು ಆ ಸಾರವನ್ನು ರಾಣಿಯಿಲ್ಲದ ಗೂಡಿಗೆ ಹಚ್ಚಿತು. ಭಾವೀ ರಾಣಿಯ ಆರ್ಭಟ ಇಳಿಯಿತು. ರಾಣಿಯ ಗ್ರಂಥಿ ಮತ್ತು ಕೆಲಸಗಾರರ ಗ್ರಂಥಿಗಳ ಹೈಡ್ರೋಕಾರ್ಬನ್ ಮಿಶ್ರಣ ಬೇರೆ ಬೇರೆ. ಆ ಮಿಶ್ರಣ ಅಂಡಾಶಯದ ಸ್ಥಿತಿಗೆ ತಕ್ಕಂತೆ ಬದಲಾಗುತ್ತದೆ ಎಂಬುದೂ ಗೊತ್ತಾಯಿತು. ಎಂದರೆ ಈ ವಾಸನೆ ಸುಳ್ಳು ಹೇಳಲಾರದು. ಮೊಟ್ಟೆ ಇಡುವ ಶಕ್ತಿ ಕುಂದಿದರೆ ಸಂಕೇತವೂ ಕುಂದುತ್ತದೆ.

ಈ ಭಾಗವನ್ನು ನಾನು ಗಟ್ಟಿ ಎಂದು ಪರಿಗಣಿಸುತ್ತೇನೆ. ಬಲೆಯ ಪ್ರಯೋಗ, ಮಾದರಿ, ಗ್ರಂಥಿಯ ಸಾರ, ಮೂರೂ ಬೇರೆ ಬೇರೆ ದಾರಿಗಳಿಂದ ಬಂದು ಒಂದೇ ಕಡೆ ಸೇರಿವೆ.

ರಾಣಿ ಜಗಳವಾಡದಿದ್ದರೂ ಗೂಡಿನಲ್ಲಿ ಜಗಳವಂತೂ ಇದೆ. ಕಾದಾಡುವವರ ಗುಂಪಿನ ಕೆಲಸವೇನು? ಇಲ್ಲೂ ಪೊಲಿಸ್ಟಿಸ್‌ನ ಚಿತ್ರ ನಮ್ಮನ್ನು ದಾರಿ ತಪ್ಪಿಸಬಹುದು. ಅಲ್ಲಿ ಕೆಲವು ಪ್ರಭೇದಗಳಲ್ಲಿ ರಾಣಿಯೇ ಮೇಸ್ತ್ರಿಯಾಗಿ ಕೆಲಸಗಾರರನ್ನು ಮೇವಿಗೆ ಅಟ್ಟುತ್ತದೆ. ರಾಣಿಯನ್ನು ತೆಗೆದರೆ ಕೆಲಸ ಕುಸಿಯುತ್ತದೆ. ಮಾರ್ಜಿನೇಟಾದಲ್ಲಿ ರಾಣಿಯನ್ನು ತೆಗೆದರೂ ಮೇವು ತರುವುದು ನಿಲ್ಲುವುದಿಲ್ಲ. ಗೂಡಿಗೆ ಹೊರಗಿನಿಂದ ಧಾರಾಳ ಆಹಾರ ಕೊಟ್ಟಾಗ ಕೆಲಸಗಾರರ ನಡುವಿನ ಕಚ್ಚಾಟ ಕಡಿಮೆಯಾಗುತ್ತದೆ, ಹಸಿವಿನಲ್ಲಿ ಇಟ್ಟಾಗ ಹೆಚ್ಚುತ್ತದೆ. ಕಚ್ಚಾಟದ ಪೆಟ್ಟು ಹೆಚ್ಚಾಗಿ ಬೀಳುವುದು ಮೇವಿಗೆ ಹೋಗುವವರ ಮೇಲೆ. ಗೂಡಿನ ಹಸಿವನ್ನು ಹೊರಗೆ ಹೋಗುವವರಿಗೆ ಮುಟ್ಟಿಸುವ ವಿಧಾನ ಇದು ಎಂಬ ವಿವರಣೆ ಅದಕ್ಕೆ ಒಪ್ಪುತ್ತದೆ.

ಗೂಡಿನ ಮುಂದೆ ಸ್ವಲ್ಪ ಹೊತ್ತು ಕೂತವರಿಗೆ ಇದು ಕಣ್ಣಿಗೇ ಕಾಣುತ್ತದೆ. ಕಣಜವೊಂದು ಕಂಬಳಿಹುಳವನ್ನು ಅಗಿದು ಮಾಡಿದ ಹಸಿರು ಮುದ್ದೆಯನ್ನು ಬಾಯಲ್ಲಿ ಕಚ್ಚಿಕೊಂಡು ಬಂದು ಇಳಿಯುತ್ತದೆ. ಗೂಡಿನ ಮೇಲಿದ್ದವು ಎರಡು ಮೂರು ಓಡಿಬಂದು ಮುದ್ದೆಗೆ ಬಾಯಿ ಹಾಕಿ ತುಂಡು ಕಿತ್ತುಕೊಳ್ಳುತ್ತವೆ. ಪಾಲು ಪಡೆದದ್ದು ಅದನ್ನು ಇನ್ನಷ್ಟು ಅಗಿದು, ಕೋಣೆಯೊಳಗೆ ತಲೆ ತೂರಿಸಿ ಮರಿಹುಳುವಿನ ಬಾಯಿಗೆ ಇಡುತ್ತದೆ. ತಂದದ್ದಕ್ಕೆ ಬಹಳ ಸಲ ಏನೂ ಉಳಿಯುವುದಿಲ್ಲ. ಅದು ಮೀಸೆ ಒರೆಸಿಕೊಳ್ಳುತ್ತಾ ನಿಂತಿರುವಾಗ ಇನ್ನೊಂದು ಬಂದು ಅದರ ಕಾಲು, ರೆಕ್ಕೆಯ ಬುಡ ಕಚ್ಚುತ್ತದೆ, ಅದು ತಲೆ ತಗ್ಗಿಸಿ ಕೂರುತ್ತದೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹಾರಿಹೋಗುತ್ತದೆ. ಇಷ್ಟೂ ನಡೆಯುವಾಗ ರಾಣಿ ಗೂಡಿನ ಒಂದು ಅಂಚಿನಲ್ಲಿ ಮಿಸುಕದೆ ಇರುತ್ತದೆ. ಮೊಟ್ಟೆ ಇಡುವುದನ್ನು ಕಾಣುವವರೆಗೆ ಅದೇ ರಾಣಿ ಎಂದು ಹೊಸಬರು ಹೇಳಲಾರರು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಸಂತಾನದ ಹಕ್ಕಿಗೂ ಜಗಳದ ಶ್ರೇಣಿಗೂ ಸಂಬಂಧವಿಲ್ಲವೆಂದ ಮೇಲೆ ಭಾವೀ ರಾಣಿಯನ್ನು ಮೊದಲೇ ಗುರುತಿಸುವುದು ಹೇಗೆ? ಶ್ರೇಣಿಯಲ್ಲಿನ ಸ್ಥಾನ, ದೇಹದ ಗಾತ್ರ, ಅಂಡಾಶಯದ ಸ್ಥಿತಿ, ಮಾಡುವ ಕೆಲಸ, ಎಲ್ಲವನ್ನೂ ಹೋಲಿಸಿ ನೋಡಿದ್ದಾಯಿತು. ರಾಣಿ ಇರುವಾಗ ಭಾವೀ ರಾಣಿಯನ್ನು ಉಳಿದವರಿಂದ ಬೇರೆ ಮಾಡುವ ಲಕ್ಷಣ ಸಿಗಲಿಲ್ಲ. ವಯಸ್ಸು ಮಾತ್ರ ಒಂದಿಷ್ಟು ಸುಳಿವು ಕೊಡುತ್ತಿತ್ತು, ಅದೂ ಪೂರ್ತಿ ನಂಬುವಂತಲ್ಲ. ಸಂಶೋಧಕರಿಗೆ ಗೊತ್ತಾಗದಿದ್ದರೇನು, ಕಣಜಗಳಿಗೆ ಗೊತ್ತಿರಬಹುದಲ್ಲ? ಇದನ್ನು ಪರೀಕ್ಷಿಸಲು ಭದ್ರ ಮತ್ತು ಗದಗ್ಕರ್ ಹೂಡಿದ ಪ್ರಯೋಗ 2008ರಲ್ಲಿ ಪ್ರಕಟವಾಯಿತು.

ಪ್ರಯೋಗದ ಹಂತಗಳನ್ನು ನಿಧಾನವಾಗಿ ನೋಡಬೇಕು. ಗೂಡನ್ನು ಎರಡು ಮಾಡಿ ತಂತಿಬಲೆಯ ಎರಡೂ ಬದಿಗೆ ಅಂಟಿಸಿ, ಕೆಲಸಗಾರರನ್ನು ಯಾದೃಚ್ಛಿಕವಾಗಿ ಎರಡು ಪಾಲು ಮಾಡಿ, ರಾಣಿಯನ್ನು ಒಂದು ಬದಿಗೆ ಬಿಡುತ್ತಾರೆ. ರಾಣಿಯಿಲ್ಲದ ಬದಿಯಲ್ಲಿ ಒಂದು ಭಾವೀ ರಾಣಿ ಏಳುತ್ತದೆ. ಇದು ‘ಮೊದಲನೆಯದು’ ಎಂದಿರಲಿ. ಗೂಡಿಗೆಲ್ಲ ಸಮ್ಮತವಾದ ಉತ್ತರಾಧಿಕಾರಿ ಒಂದೇ ಇದ್ದು, ಅದೂ ಇದೇ ಬದಿಯ ಪಾಲಿಗೆ ಬಂದಿದ್ದರೆ, ಮೊದಲನೆಯದೇ ಆ ನಿಜವಾದ ಉತ್ತರಾಧಿಕಾರಿ. ಆದರೆ ಉತ್ತರಾಧಿಕಾರಿ ರಾಣಿಯ ಬದಿಗೇ ಹೋಗಿ ಬಿದ್ದಿದ್ದರೆ? ಆಗ ರಾಣಿ ಎದುರಿಗಿರುವುದರಿಂದ ಅದು ಸುಮ್ಮನಿರುತ್ತದೆ. ಈಚೆ ಎದ್ದಿರುವುದು ಸಿಕ್ಕ ಅವಕಾಶಕ್ಕೆ ಎದ್ದ ಇನ್ನೊಂದು. ಈಗ ರಾಣಿಯನ್ನೂ ಮೊದಲನೆಯದನ್ನೂ ಅದಲು ಬದಲು ಮಾಡುತ್ತಾರೆ. ಮೊದಲನೆಯದು ನಿಜವಾದ ಉತ್ತರಾಧಿಕಾರಿಯಾಗಿದ್ದರೆ ಹೊಸ ಬದಿಯಲ್ಲೂ ಅದರದೇ ನಡೆಯಬೇಕು. ಅಲ್ಲದಿದ್ದರೆ ಹೊಸ ಬದಿಯಲ್ಲಿ, ಇಷ್ಟು ಹೊತ್ತು ಸುಮ್ಮನಿದ್ದ ‘ಎರಡನೆಯದು’ ಏಳಬೇಕು, ಮೊದಲನೆಯದು ಅಡಗಬೇಕು. ಆಗ ಮತ್ತೊಮ್ಮೆ ರಾಣಿಯನ್ನೂ ಎರಡನೆಯದನ್ನೂ ಅದಲು ಬದಲು ಮಾಡಿದರೆ, ಎರಡನೆಯದನ್ನು ಎರಡೂ ಬದಿಯವರು ಒಪ್ಪಬೇಕು.

ಎಂಟು ಗೂಡುಗಳಲ್ಲಿ ಹೀಗೆ ಮಾಡಿದರು. ಮೂರರಲ್ಲಿ ಮೊದಲನೆಯದೇ ಎರಡೂ ಬದಿಗೆ ಒಪ್ಪಿತವಾಯಿತು. ಐದರಲ್ಲಿ ಎರಡನೆಯದು ಎದ್ದಿತು.

ಲೇಖಕರ ತೀರ್ಮಾನ: ಉತ್ತರಾಧಿಕಾರಿ ಮೊದಲೇ ನಿಶ್ಚಿತ, ನಮಗೆ ಕಾಣದಿದ್ದರೂ ಕಣಜಗಳಿಗೆ ತಿಳಿದಿದೆ. ಈ ತೀರ್ಮಾನದಲ್ಲಿ ಮೂರು ಮತ್ತು ಐದು ಎಂಬ ಅಂಕಿಗಳ ಪಾಲು ಎಷ್ಟು? ಕಡಿಮೆ ಎಂದೇ ನನ್ನ ಅಭಿಪ್ರಾಯ. ಕೆಲಸಗಾರರನ್ನು ಯಾದೃಚ್ಛಿಕವಾಗಿ ಹಂಚಿದರೆ ಉತ್ತರಾಧಿಕಾರಿ ರಾಣಿಯಿಲ್ಲದ ಬದಿಗೆ ಬೀಳುವ ಸಂಭವ ಅರ್ಧ. ಎಂಟರಲ್ಲಿ ನಾಲ್ಕು ನಿರೀಕ್ಷಿತ. ಮೂರು ಬರುವುದು ಅದಕ್ಕೆ ವಿರುದ್ಧವಲ್ಲ, ಸರಿಯಾಗಿ ಮೂರೇ ಬರುವ ಸಂಭವ 256ರಲ್ಲಿ 56. ಆದರೆ ಎಂಟೇ ಗೂಡುಗಳಿರುವಾಗ ಎರಡು, ಐದು, ಆರು ಬಂದಿದ್ದರೂ ಇದೇ ಮಾತು ಹೇಳಬಹುದಿತ್ತು. ಅಂಕಿಗಳು ತೀರ್ಮಾನವನ್ನು ಅಲ್ಲಗಳೆಯುವುದಿಲ್ಲ, ಅಷ್ಟೇ.

ತೂಕವಿರುವುದು ನಡತೆಯಲ್ಲಿ. ಮೊದಲನೆಯದಾಗಲಿ ಎರಡನೆಯದಾಗಲಿ ಯಾರಿಂದಲೂ ಒಂದು ಕಚ್ಚು ತಿನ್ನಲಿಲ್ಲ. ಪೈಪೋಟಿಯಲ್ಲಿ ತೀರ್ಮಾನವಾಗುವ ವಿಷಯವಾಗಿದ್ದರೆ, ತನ್ನ ಬದಿಯಲ್ಲಿ ಆಗಲೇ ಮೇಲುಗೈ ಪಡೆದು ಬಂದ ಮೊದಲನೆಯದು, ಹೊಸ ಬದಿಯಲ್ಲಿ ಏಳುತ್ತಿರುವ ಎರಡನೆಯದಕ್ಕೆ ಎದುರಾಗಿ ನಿಲ್ಲಬೇಕಿತ್ತು. ಐದು ಗೂಡುಗಳಲ್ಲೂ ಅದು ನಿಲ್ಲಲಿಲ್ಲ. ಹೊಸ ಜಾಗ, ಅದಕ್ಕೇ ಮೆತ್ತಗಾಯಿತು ಎಂಬ ಆಕ್ಷೇಪ ಬರಬಹುದು. ಅದಕ್ಕೆ ಉತ್ತರ ಉಳಿದ ಮೂರು ಗೂಡುಗಳಲ್ಲಿದೆ: ಅಲ್ಲಿಯೂ ಮೊದಲನೆಯದಕ್ಕೆ ಜಾಗ ಹೊಸದೇ, ಆದರೂ ಅದರ ದರ್ಪ ಇಳಿಯಲಿಲ್ಲ. ಎರಡು ಬಗೆಯ ಫಲಿತಾಂಶ ಬಂದದ್ದೇ ಈ ಪ್ರಯೋಗದ ಭಾಗ್ಯ. ಎಂಟಕ್ಕೆ ಎಂಟೂ ಒಂದೇ ಬಗೆಯವಾಗಿದ್ದರೆ ಈ ಆಕ್ಷೇಪವನ್ನು ತಳ್ಳಿಹಾಕಲು ದಾರಿ ಇರುತ್ತಿರಲಿಲ್ಲ.

2012ರಲ್ಲಿ ಅಲೋಕ್ ಬಂಗ್ ಮತ್ತು ಗದಗ್ಕರ್ ಇದನ್ನು ಇನ್ನೂ ಮುಂದಕ್ಕೆ ಒಯ್ದರು. ರಾಣಿಯನ್ನು ತೆಗೆದು, ಎದ್ದ ಭಾವೀ ರಾಣಿಯನ್ನೂ ತೆಗೆದು, ಅದರ ನಂತರ ಎದ್ದದ್ದನ್ನೂ ತೆಗೆದು, ಹೀಗೆ ಒಂದರ ಹಿಂದೊಂದು. ಐದನೆಯದರವರೆಗೂ ಪ್ರತಿ ಸಲ ಒಂದೇ ಕಣಜ ಎದ್ದಿತು, ಪ್ರತಿ ಸಲವೂ ಅದಕ್ಕೆ ಎದುರಾಳಿ ಇರಲಿಲ್ಲ. ಉತ್ತರಾಧಿಕಾರಿ ಒಬ್ಬಳಲ್ಲ, ಒಂದು ಸರದಿಯೇ ಇದೆ ಎಂದಾಯಿತು. ಸರದಿಯ ಕ್ರಮ ಹೆಚ್ಚುಕಡಿಮೆ ವಯಸ್ಸಿನದು, ಹಿರಿಯವು ಮುಂದೆ. ಕಟ್ಟುನಿಟ್ಟಾಗಿ ಅಲ್ಲ.

ವಯಸ್ಸೇ ಏಕೆ? ಗೂಡಿನಲ್ಲಿ ವಯಸ್ಸು ಆಗಲೇ ಬೇರೊಂದು ಕೆಲಸ ಮಾಡುತ್ತಿದೆ. ಧ್ರುವ ನಾಗ್ ಮತ್ತು ಗದಗ್ಕರ್ 1998ರಲ್ಲಿ ತೋರಿಸಿದಂತೆ, ಕೆಲಸಗಾರ ಕಣಜ ಮೊದಲು ಮರಿಗಳಿಗೆ ಉಣಿಸುತ್ತದೆ, ಮುಂದೆ ಗೂಡು ಕಟ್ಟುತ್ತದೆ, ಆಮೇಲೆ ನಾರು ತರಲು, ಕೊನೆಗೆ ಆಹಾರ ತರಲು ಹೊರಗೆ ಹೋಗುತ್ತದೆ. ಇಲ್ಲಿ ಲೆಕ್ಕಕ್ಕೆ ಬರುವುದು ಹುಟ್ಟಿ ಎಷ್ಟು ದಿನವಾಯಿತು ಎಂಬುದಕ್ಕಿಂತ, ಗೂಡಿನ ಉಳಿದವರಿಗಿಂತ ತಾನು ಹಿರಿಯಳೋ ಕಿರಿಯಳೋ ಎಂಬುದು. ಎಂದರೆ ತಮ್ಮ ನಡುವೆ ಯಾರು ದೊಡ್ಡವರು ಎಂಬುದಕ್ಕೆ ಕಣಜಗಳು ಆಗಲೇ ಹೇಗೋ ಸ್ಪಂದಿಸುತ್ತಿವೆ. ಉತ್ತರಾಧಿಕಾರದ ಸರದಿ ಅದೇ ಸಾಮರ್ಥ್ಯದ ಇನ್ನೊಂದು ಬಳಕೆ ಎಂದುಕೊಂಡರೆ ‘ತಿಳಿವಳಿಕೆ’ ಎಂಬ ದೊಡ್ಡ ಮಾತಿನ ಅಗತ್ಯ ಕಡಿಮೆಯಾಗುತ್ತದೆ. ಇದು ನನ್ನ ಊಹೆ. ಇದರಿಂದ ಒಂದು ವಿಚಿತ್ರ ಪರಿಣಾಮವೂ ಹುಟ್ಟುತ್ತದೆ. ಹೊರಗಿನ ಕೆಲಸ ಹೆಚ್ಚು ಅಪಾಯದ್ದು, ಅದು ಹಿರಿಯವರ ಪಾಲಿನದು. ಸರದಿಯಲ್ಲಿ ಮುಂದೆ ಬರುವವರೇ ಮರಳಿ ಬಾರದಿರುವ ಸಂಭವವೂ ಹೆಚ್ಚು. ಅಂಥ ಗೂಡಿನಲ್ಲಿ ಸರದಿ ಒಂದೇ ಹೆಸರಿನದಾಗಿರದೆ ಐದಾರರವರೆಗೆ ಚಾಚಿಕೊಂಡಿರುವುದು ಸಹಜವೇ.

ಭಾವೀ ರಾಣಿಯ ಆರ್ಭಟದ ಉದ್ದೇಶವೂ ಇಲ್ಲಿ ಪ್ರಶ್ನೆಯಾಗುತ್ತದೆ. ಎದುರಾಳಿಯೇ ಇಲ್ಲವೆಂದ ಮೇಲೆ ಯಾರನ್ನು ಹೆದರಿಸಲು? ಆ ಚಟುವಟಿಕೆ ಅದರ ಸ್ವಂತ ಅಂಡಾಶಯ ಬೇಗ ಬೆಳೆಯಲು ನೆರವಾಗುತ್ತದೆ ಎಂಬ ಸಲಹೆ 2007ರಲ್ಲೇ ಬಂದಿದೆ. ವಾಸನೆಯ ಸಂಕೇತ ತಯಾರಾಗುವವರೆಗೆ ಗೂಡನ್ನು ಹಿಡಿದಿಡುವ ತಾತ್ಕಾಲಿಕ ಉಪಾಯ ಎಂಬ ಇನ್ನೊಂದು ವಿವರಣೆಯೂ ಸಾಧ್ಯ. ಅಂಡಾಶಯ ಬೆಳೆದಂತೆ ಕಚ್ಚಾಟ ಇಳಿಯುವ ರೀತಿಗೆ ಎರಡೂ ಹೊಂದುತ್ತವೆ. ಒಂದನ್ನು ಆರಿಸಲು ನನಗೆ ಆಧಾರ ಕಾಣುತ್ತಿಲ್ಲ.

ಇನ್ನು, ಸರದಿಯಲ್ಲಿ ಕಾಯುವುದರಿಂದ ಲಾಭವೇನು ಎಂಬುದು. ಹ್ಯಾಮಿಲ್ಟನ್ 1964ರಲ್ಲಿ ಮಂಡಿಸಿದ ವಾದ ಎಲ್ಲರಿಗೂ ಗೊತ್ತಿರುವುದೇ: ಕಣಜ, ಜೇನು, ಇರುವೆಗಳಲ್ಲಿ ಗಂಡು ಫಲಿತವಾಗದ ಮೊಟ್ಟೆಯಿಂದ ಹುಟ್ಟುವುದರಿಂದ, ಒಂದೇ ತಂದೆ–ತಾಯಿಯ ಅಕ್ಕತಂಗಿಯರ ನಡುವಿನ ರಕ್ತಸಂಬಂಧ ಮುಕ್ಕಾಲು, ಸ್ವಂತ ಮಗಳೊಡನೆ ಅರ್ಧ, ಹಾಗಾಗಿ ತಂಗಿಯರನ್ನು ಸಾಕುವುದೇ ಲಾಭ. ಮಾರ್ಜಿನೇಟಾ ಈ ಲೆಕ್ಕಕ್ಕೆ ಒಗ್ಗುವುದಿಲ್ಲ. ರಾಣಿ ಒಂದಕ್ಕಿಂತ ಹೆಚ್ಚು ಗಂಡುಗಳೊಡನೆ ಕೂಡಬಲ್ಲದು. ಆಗ ಮುಕ್ಕಾಲು ಅರ್ಧದತ್ತ ಇಳಿಯುತ್ತದೆ. ರಾಣಿಯರು ಬದಲಾಗುತ್ತಾ ಹೋಗುತ್ತಾರೆ. ಒಂದರ ಆಳ್ವಿಕೆ ಕೆಲವೇ ದಿನ, ಇನ್ನೊಂದರದ್ದು ತಿಂಗಳುಗಟ್ಟಲೆ. ಇದರಿಂದ ಕೆಲಸಗಾರ ಕಣಜ ಸಾಕುತ್ತಿರುವುದು ತಂಗಿಯರನ್ನಷ್ಟೇ ಅಲ್ಲ. ಅಕ್ಕನ ಮಕ್ಕಳು, ಚಿಕ್ಕಮ್ಮನ ಮಕ್ಕಳು, ಇನ್ನೂ ದೂರದ ನೆಂಟರು ಒಂದೇ ಗೂಡಿನಲ್ಲಿ ಇರುತ್ತಾರೆ. ಯಾರು ಹತ್ತಿರದವರೆಂದು ಆರಿಸಿ ಉಣಿಸುವ ಶಕ್ತಿ ಅವಕ್ಕೆ ಇದ್ದಂತಿಲ್ಲ. ಗೂಡಿನವರೆಂಬ ಗುರುತನ್ನು ಹುಟ್ಟಿದ ಮೇಲೆ ಗೂಡಿನ ಸಹವಾಸದಿಂದ ಪಡೆಯುತ್ತವೆಯೇ ಹೊರತು ರಕ್ತದಿಂದಲ್ಲ. ಆಗಷ್ಟೇ ಹೊರಬಂದ ಎಳೆ ಕಣಜವನ್ನು ಬೇರೆ ಗೂಡಿಗೆ ಬಿಟ್ಟರೆ ಅಲ್ಲಿಯವರು ಸೇರಿಸಿಕೊಳ್ಳುತ್ತಾರೆ.

ಬೇರೆ ಲೆಕ್ಕಗಳು ಇಲ್ಲಿ ಹೆಚ್ಚು ಸೂಕ್ತ. ಮೊಟ್ಟೆಯಿಂದ ದೊಡ್ಡ ಕಣಜವಾಗಲು ಸುಮಾರು ಎರಡು ತಿಂಗಳು ಬೇಕು. ಒಂಟಿಯಾಗಿ ಗೂಡು ಕಟ್ಟಿದ ಕಣಜ ಅಷ್ಟರೊಳಗೆ ಸತ್ತರೆ ಮಾಡಿದ್ದೆಲ್ಲ ನೀರುಪಾಲು. ವೆಸ್ಪಾ ಟ್ರಾಪಿಕಾ ಎಂಬ ದೊಡ್ಡ ಕಡಜ ಗೂಡಿಗೆ ದಾಳಿಯಿಟ್ಟು ಮರಿಗಳನ್ನು ಹೊತ್ತೊಯ್ಯುವುದು ಬೇರೆ. ಗುಂಪಿನಲ್ಲಿದ್ದದ್ದು ನಡುವೆ ಸತ್ತರೂ ಅದು ಅರ್ಧ ಸಾಕಿದ ಮ‌ರಿಯನ್ನು ಇನ್ನೊಂದು ಮುಂದುವರಿಸುತ್ತದೆ. ಗದಗ್ಕರ್ 1990ರಲ್ಲಿ ಮಂಡಿಸಿದ ಈ ‘ಖಚಿತ ಪ್ರತಿಫಲ’ದ ವಾದಕ್ಕೆ ರಕ್ತಸಂಬಂಧದ ಹಂಗು ಹೆಚ್ಚಿಲ್ಲ. ಜೊತೆಗೆ, ಹೊಸದಾಗಿ ಹೊರಬಂದ ಹೆಣ್ಣುಗಳನ್ನು ಒಂಟಿಯಾಗಿಟ್ಟು ಆಹಾರ ಕೊಟ್ಟರೂ ಸುಮಾರು ಅರ್ಧದಷ್ಟು ಮೊಟ್ಟೆಯನ್ನೇ ಇಡುವುದಿಲ್ಲ. ಅಂಥವಕ್ಕೆ ಒಂಟಿ ಸಂಸಾರ ಆಯ್ಕೆಯೇ ಅಲ್ಲ. ಮೊಟ್ಟೆ ಇಡಬಲ್ಲವಕ್ಕೆ ಸರದಿಯ ಭರವಸೆ ಇದೆ. ಜಗಳವಾಡಿ ಸರದಿಯನ್ನು ಮುರಿದರೆ ಗೂಡೇ ದುರ್ಬಲವಾಗುತ್ತದೆ, ದುರ್ಬಲ ಗೂಡಿನ ರಾಣಿಯಾಗಿ ಪ್ರಯೋಜನವಿಲ್ಲ. ಕಾಯುವುದು ಸಾಧುತನವಲ್ಲ, ಲೆಕ್ಕ.

ಗಂಡುಗಳು ಈ ಕಥೆಯಲ್ಲಿ ಎಲ್ಲೂ ಬರುವುದಿಲ್ಲ ಎಂದು ಓದುಗರಿಗೆ ಅನಿಸಿರಬಹುದು. ಅವು ಸುಮಾರು ಒಂದು ವಾರ ಗೂಡಿನಲ್ಲಿ ಕೂತು ತಿಂದು ಹೊರಟುಹೋಗುತ್ತವೆ. ಹೆಣ್ಣುಗಳನ್ನು ತೆಗೆದು, ಗಂಡುಗಳ ಬಾಯಿಗೆ ಯಥೇಚ್ಛ ಆಹಾರ ಕೊಟ್ಟಾಗ ಅವೂ ಮರಿಗಳಿಗೆ ಉಣಿಸಿದವು ಎಂದು ರುಚಿರಾ ಸೇನ್ ಮತ್ತು ಗದಗ್ಕರ್ 2006ರಲ್ಲಿ ವರದಿ ಮಾಡಿದ್ದಾರೆ. ಬರುವುದಿಲ್ಲ ಎನ್ನುವುದಕ್ಕೂ ಮಾಡುವುದಿಲ್ಲ ಎನ್ನುವುದಕ್ಕೂ ಇರುವ ಅಂತರ ಗಂಡು ಕಣಜಗಳಲ್ಲೂ ಇದೆ.

ಒಟ್ಟು ತೂಗಿದಾಗ: ಭಾವೀ ರಾಣಿ ಪೈಪೋಟಿಯಿಂದ ಹುಟ್ಟುವುದಿಲ್ಲ ಎಂಬುದನ್ನು ಒಪ್ಪಬಹುದು. ಸರದಿ ಇದೆ ಎಂಬುದನ್ನೂ ಒಪ್ಪಬಹುದು. 2012ರ ಕೆಲಸ 2008ರ ಎಂಟು ಗೂಡುಗಳಿಗೆ ಬೇಕಾಗಿದ್ದ ಬೆಂಬಲ ಒದಗಿಸಿದೆ. ‘ಕಣಜಗಳಿಗೆ ಗೊತ್ತು’ ಎಂಬುದನ್ನು, ಪ್ರತಿಯೊಂದಕ್ಕೂ ಇಡೀ ಪಟ್ಟಿ ತಿಳಿದಿದೆ ಎಂಬರ್ಥದಲ್ಲಿ ಒಪ್ಪಬೇಕಾಗಿಲ್ಲ. ತನಗಿಂತ ಮುಂದಿನದು ಎದುರಿಗಿದ್ದರೆ ಸುಮ್ಮನಿರು, ಇಲ್ಲದಿದ್ದರೆ ಏಳು ಎಂಬಷ್ಟು ಸ್ಪಂದನೆ ಇದ್ದರೂ ಇವೇ ಫಲಿತಾಂಶಗಳು ಬರುತ್ತವೆ.

ಒಂದು ಕೊರತೆಯನ್ನು ಹೇಳಬೇಕು. ಮೇಲಿನ ಪ್ರಯೋಗಗಳಲ್ಲೆಲ್ಲ ರಾಣಿಯನ್ನು ಹಠಾತ್ತಾಗಿ ತೆಗೆದದ್ದು ಮನುಷ್ಯ. ರಾಣಿ ತಾನಾಗಿ ಮುಪ್ಪಾಗಿ, ಸಂಕೇತ ದಿನೇದಿನೇ ಕುಂದಿ, ಜಾಗ ಬಿಡುವುದು ಬೇರೆಯೇ ಘಟನೆ. ಆಗ ಸರದಿ ಹೀಗೆಯೇ ಸದ್ದಿಲ್ಲದೆ ಸರಿಯುತ್ತದೆಯೇ ಎಂಬುದನ್ನು ಬಯಲಿನ ಗೂಡುಗಳಲ್ಲಿ ನೋಡಬೇಕು. ಇದಕ್ಕೆ ಪ್ರಯೋಗಾಲಯ ಬೇಡ. ಶಾಲೆ, ಕಾಲೇಜಿನ ಕಿಟಕಿಯಲ್ಲಿ ಈ ಗೂಡು ಕಂಡ ಜೀವಶಾಸ್ತ್ರದ ಅಧ್ಯಾಪಕರು ಅದನ್ನು ಸುಡಿಸುವ ಬದಲು, ಕೈಯಳತೆಗಿಂತ ಸ್ವಲ್ಪ ದೂರದಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ತಿಂಗಳುಗಟ್ಟಲೆ ದಾಖಲೆ ಇಡಿಸಲಿ: ಯಾರು ಮೊಟ್ಟೆ ಇಟ್ಟಿತು, ಯಾರು ಯಾರನ್ನು ಕಚ್ಚಿತು, ಯಾವುದು ಎಂದು ಹೊರಬಂತು, ಯಾವುದು ಎಂದಿನಿಂದ ಕಾಣಲಿಲ್ಲ. ಬಣ್ಣದ ಚುಕ್ಕೆ ಇಡುವ ಕೆಲಸವನ್ನು ಮಾತ್ರ ತಿಳಿದವರಿಂದಲೇ ಮಾಡಿಸಬೇಕು, ಈ ಕಣಜ ಕುಟುಕುತ್ತದೆ.